ಗೋಡೆಯ ಎರಡೂ ಬದಿ: ಒಳಾಂಗಣದ ಜೊತೆಗೆ ತೋಟದ ವಿನ್ಯಾಸ ಕಲಿಯುವುದು

ಹಾಲ್‌ನ ಒಂದೇ ಒಂದು ಗೋಡೆಯಲ್ಲಿ, ನೆಲದಿಂದ ಎರಡಡಿ ಎತ್ತರದವರೆಗೆ, ಬಣ್ಣ ಉಬ್ಬಿ ಪುಡಿಪುಡಿಯಾಗಿ ಉದುರುತ್ತಿರುತ್ತದೆ. ಪೇಂಟರ್ ಬಂದು ಕೆರೆದು, ಪುಟ್ಟಿ ಹಾಕಿ, ಮತ್ತೆ ಬಣ್ಣ ಬಳಿದು ಹೋಗುತ್ತಾನೆ. ಮುಂದಿನ ಮಳೆಗಾಲಕ್ಕೆ ಅದೇ ಗೋಡೆ, ಅದೇ ಪುಡಿ. ಇಂಥ ಮನೆಯಲ್ಲಿ ಒಳಗೆ ನಿಂತು ಕಾರಣ ಹುಡುಕಿದರೆ ಸಿಗುವುದಿಲ್ಲ. ಹೊರಗೆ ಹೋಗಿ ಆ ಗೋಡೆಯ ಬುಡ ನೋಡಬೇಕು. ಎಷ್ಟೋ ಸಲ ಅಲ್ಲಿ ಗೋಡೆಗೆ ಆನಿಸಿ ಕಟ್ಟಿದ ಹೂವಿನ ಕಟ್ಟೆಯೊಂದು ಇರುತ್ತದೆ. ಮಣ್ಣಿನ ತೇವ ಗೋಡೆಗೆ ಹತ್ತದಿರಲಿ ಎಂದು ಮೇಸ್ತ್ರಿಗಳು ಪಾಯದ ಮೇಲೆ ಡಿಪಿಸಿ ಎಂಬ ಪದರ ಹಾಕಿರುತ್ತಾರಲ್ಲ, ಕಟ್ಟೆಯೊಳಗಿನ ಮಣ್ಣು ಅದಕ್ಕಿಂತ ಒಂದಡಿ ಮೇಲಕ್ಕೆ ತುಂಬಿರುತ್ತದೆ. ದಿನಾ ಗಿಡಕ್ಕೆ ಹಾಕಿದ ನೀರು ಆ ಪದರವನ್ನು ದಾಟಿ ನೇರವಾಗಿ ಇಟ್ಟಿಗೆಗೆ ಇಳಿಯುತ್ತದೆ.

ಆ ಕಟ್ಟೆಯನ್ನು ನಕ್ಷೆಯಲ್ಲಿ ಬರೆದದ್ದು ಆರ್ಕಿಟೆಕ್ಟ್, ಎಲಿವೇಶನ್, ಅಂದರೆ ಮನೆಯ ಮುಂಭಾಗ, ಚೆನ್ನಾಗಿ ಕಾಣಲಿ ಅಂತ. ಒಳಗಿನ ಗೋಡೆಯ ಬಣ್ಣ ಆರಿಸಿದ್ದು ಇಂಟೀರಿಯರ್ ಡಿಸೈನರ್. ಮಣ್ಣು ತುಂಬಿ ಗಿಡ ನೆಟ್ಟದ್ದು ನರ್ಸರಿಯವರು. ಮೂವರೂ ತಂತಮ್ಮ ಕೆಲಸ ಮಾಡಿದ್ದಾರೆ, ಗೋಡೆಯ ಎರಡೂ ಬದಿಯನ್ನು ಒಟ್ಟಿಗೆ ನೋಡಿದವರು ಮಾತ್ರ ಯಾರೂ ಇಲ್ಲ. ಒಳಾಂಗಣ ವಿನ್ಯಾಸ ಕಲಿಯುವವರು ತೋಟದ ವಿನ್ಯಾಸವನ್ನೂ ಕಲಿಯಬೇಕು ಎನ್ನುವುದಕ್ಕೆ ನನಗೆ ಕಾಣುವ ಮೊದಲ ಕಾರಣ ಇದು. ಸೌಂದರ್ಯದ ಮಾತು ಆಮೇಲೆ.

ಇವೆರಡನ್ನೂ ಒಂದೇ ಸೂರಿನಡಿ ಕಲಿಸುವುದು ಹೊಸದೇನಲ್ಲ. ಲಂಡನ್ನಿನಲ್ಲಿ 1960ರಲ್ಲಿ ಒಳಾಂಗಣ ಕಲಿಸಲು ಶುರುವಾದ ಇಂಚ್‌ಬಾಲ್ಡ್ ಶಾಲೆ ಮುಂದೆ ತೋಟದ ವಿನ್ಯಾಸವನ್ನೂ ಸೇರಿಸಿಕೊಂಡಿತು. ಆದರೆ ನಮಗೆ ಹತ್ತಿರದ ಉದಾಹರಣೆ ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ. ಅವರು ಓದಿದ್ದು ವಕೀಲಿ. 1948ರಲ್ಲಿ ಬೆಂಟೋಟ ಬಳಿ ಪಾಳುಬಿದ್ದಿದ್ದ ರಬ್ಬರ್ ತೋಟವೊಂದನ್ನು ಕೊಂಡು, ಅದನ್ನು ಉದ್ಯಾನ ಮಾಡಲು ಹೊರಟಾಗ ತನಗೆ ಸಾಕಷ್ಟು ಗೊತ್ತಿಲ್ಲ ಅನ್ನಿಸಿ ವಾಸ್ತುಶಿಲ್ಪ ಓದಲು ಹೋದರು. ಲುನುಗಂಗ ಎಂದು ಹೆಸರಾದ ಆ ಜಾಗದಲ್ಲಿ ಮನೆಯ ಜಗುಲಿಯಿಂದ ನೋಡಿದರೆ ಎದುರಿನ ಗುಡ್ಡ, ಅದರ ಮೇಲಿನ ಮರದಡಿ ಒಂದು ದೊಡ್ಡ ಜಾಡಿ, ಅದರಾಚೆ ದೂರದ ಬೌದ್ಧ ಸ್ತೂಪ ಒಂದೇ ಗೆರೆಯಲ್ಲಿ ಬರುತ್ತವೆ. ಕುರ್ಚಿ ಎಲ್ಲಿಡಬೇಕು ಎನ್ನುವುದೂ ಮರ ಎಲ್ಲಿ ಉಳಿಸಬೇಕು ಎನ್ನುವುದೂ ಅಲ್ಲಿ ಒಂದೇ ತೀರ್ಮಾನ. ಅಂದಹಾಗೆ ಆ ತೋಟದ ಕೆಲಸ ಮುಗಿಯಲೇ ಇಲ್ಲ, ಸುಮಾರು ಐವತ್ತು ವರ್ಷ ಅವರು ಅದನ್ನು ತಿದ್ದುತ್ತಲೇ ಇದ್ದರು.

ನಮ್ಮ ಹಳೆಯ ಮನೆಗಳಲ್ಲೂ ಈ ವಿಂಗಡಣೆ ಇರಲಿಲ್ಲ. ತೊಟ್ಟಿಮನೆಯಲ್ಲಿ ನಾಲ್ಕು ಮಾಡಿನ ಮಳೆನೀರು ನಡುವಿನ ತೊಟ್ಟಿಗೆ ಬೀಳುತ್ತಿತ್ತು, ಬಚ್ಚಲ ನೀರು ಹಿತ್ತಲಿಗೆ ಹೋಗುವ ಕಾಲುವೆಯ ಪಕ್ಕ ಬಾಳೆ, ಕೆಸು ಇರುತ್ತಿದ್ದವು. ಅಡುಗೆಮನೆಯ ಕಿಟಕಿಯಿಂದ ಕೈಗೆಟುಕುವಷ್ಟು ದೂರದಲ್ಲಿ ಕರಿಬೇವು. ಇದನ್ನು ನೆನೆದು ಭಾವುಕರಾಗುವವರು ಬಹಳ ಜನ. ನಾನು ಆ ಪೈಕಿ ಅಲ್ಲ. ಆಗ ಜಾಗ ಇತ್ತು, ಬಚ್ಚಲಲ್ಲಿ ಸೀಗೆಪುಡಿ ಇತ್ತು, ಬಾವಿಯಿಂದ ನೀರು ಸೇದಲು ಮನೆಯ ಹೆಂಗಸರಿದ್ದರು. ಈಗ ಇರುವುದು 30×40 ಸೈಟು, ಡಿಟರ್ಜೆಂಟ್ ಬೆರೆತ ನೀರು ಮತ್ತು ಟ್ಯಾಂಕರ್. ಹಾಗಾಗಿ ಹಳೆಯದನ್ನು ನಕಲು ಮಾಡುವ ಬದಲು ಲೆಕ್ಕ ಹಾಕುವುದನ್ನು ಕಲಿಯಬೇಕು.

ಸುಸ್ಥಿರ ಎನ್ನುವ ಪದವನ್ನು ಈಗ ಪ್ಲಾಸ್ಟಿಕ್ ಹುಲ್ಲು ಮಾರುವವರೂ ಬಳಸುತ್ತಾರೆ. ಕೆಲಸಕ್ಕೆ ಬರುವಂತೆ ಹೇಳುವುದಾದರೆ, ತೋಟವೊಂದು ಮೊದಲ ಎರಡು ವರ್ಷ ಬೇರೂರಿದ ಮೇಲೆ ಆ ಜಾಗದಲ್ಲಿ ಬೀಳುವ ಮಳೆ, ಆ ಮನೆ ಹೊರಹಾಕುವ ನೀರು, ಆ ಅಡುಗೆಮನೆಯ ಕಸ, ಆ ಮನೆಯವರು ನಿಜವಾಗಿ ಕೊಡಬಲ್ಲ ಸಮಯ, ಇಷ್ಟರಲ್ಲೇ ಬದುಕಬೇಕು. ಬದುಕದಿದ್ದರೆ ಅದಕ್ಕೆ ಎಷ್ಟು ಹಸಿರು ಬಣ್ಣವಿದ್ದರೂ ಅದು ಸುಸ್ಥಿರ ಅಲ್ಲ.

ನೀರಿನಿಂದಲೇ ಶುರುಮಾಡೋಣ. 1 ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್. ಇಷ್ಟು ಗೊತ್ತಿದ್ದರೆ ಮಿಕ್ಕದ್ದು ಗುಣಾಕಾರ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಮೀ ಆಸುಪಾಸು ಮಳೆ. ತಾರಸಿ 75 ಚದರ ಮೀಟರ್ ಇದ್ದು, ಬಿದ್ದದ್ದರಲ್ಲಿ ಐದನೇ ಒಂದು ಭಾಗ ಆವಿಯಾಗಿಯೋ ಸೋರಿಯೋ ಹೋಯಿತು ಅಂದುಕೊಂಡರೂ 58,000 ಲೀಟರ್ ಕೈಗೆ ಸಿಗುತ್ತದೆ. ಈಗ ಖರ್ಚಿನ ಕಡೆ ನೋಡಿ. ಮನೆ ಮುಂದೆ 20 ಚದರ ಮೀಟರ್ ಲಾನ್ ಹಾಕಿಸಿದರೆ ಬಿಸಿಲುಗಾಲದಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು, ಅಂದರೆ ದಿನಕ್ಕೆ 100 ಲೀಟರ್. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂದು ಸರ್ಕಾರಿ ಲೆಕ್ಕ. ನಾಲ್ಕು ಒಣ ತಿಂಗಳಿಗೆ ಆ ಹುಲ್ಲೊಂದೇ 12,000 ಲೀಟರಿನ ದೊಡ್ಡ ಟ್ಯಾಂಕರ್ ಒಂದನ್ನು ಪೂರ್ತಿ ಕುಡಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಆ ಬೇಸಿಗೆಯಲ್ಲಿ ಲಾನ್ ಬರೆದುಕೊಟ್ಟ ಡಿಸೈನರ್‌ಗಳಿಗೆ ಮನೆಯವರಿಂದ ಎಂಥೆಂಥ ಫೋನ್ ಬಂದಿರಬಹುದು ಎಂದು ಊಹಿಸಬಹುದು.

ಇದೇ ಲೆಕ್ಕ ಮಂಗಳೂರಿನಲ್ಲಿ ತಿರುಗುಮುರುಗಾಗುತ್ತದೆ. ಅಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಮೀ ಮೀರುವ ಮಳೆ, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಅಲ್ಲಿ ವಿನ್ಯಾಸದ ಪ್ರಶ್ನೆ ನೀರನ್ನು ಹಿಡಿಯುವುದಷ್ಟೇ ಅಲ್ಲ, ಅಂಗಳದ ಮಣ್ಣು ಕೊಚ್ಚಿಹೋಗದಂತೆ ನೀರನ್ನು ಹೊರಗೆ ಕಳಿಸುವುದು. 600 ಮಿಮೀ ಆಸುಪಾಸಿನ ವಿಜಯಪುರದಲ್ಲಿ ಎರೆಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಬಿರುಕು ಬಿಡುತ್ತದೆ, ಅದರ ಮೇಲೆ ಹಾಸಿದ ಕಲ್ಲು ಎರಡೇ ವರ್ಷಕ್ಕೆ ಏರುಪೇರಾಗುತ್ತದೆ. ಒಂದೇ ಪುಸ್ತಕದ ತೋಟ ಮೂರೂ ಊರಿಗೆ ಆಗುವುದಿಲ್ಲ. ಸೋಫಾ ಆಗಬಹುದು.

ಇಲ್ಲಿ ಒಳಾಂಗಣದವರ ಪಾತ್ರ ಏನು? ನೀರು ಹೊರಡುವುದು ಅವರ ಕೋಣೆಗಳಿಂದ. ಬಚ್ಚಲಿನ ಮತ್ತು ಬಟ್ಟೆ ಒಗೆಯುವ ಯಂತ್ರದ ನೀರಿಗೆ ಬೇರೆ ಪೈಪು, ಶೌಚಾಲಯಕ್ಕೆ ಬೇರೆ ಪೈಪು ಎಂದು ಪ್ಲಂಬಿಂಗ್ ಹಂತದಲ್ಲೇ ಹೇಳಿದರೆ ಖರ್ಚು ಅಲ್ಪ. ಟೈಲ್ಸ್ ಹಾಕಿದ ಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಆ ನೀರನ್ನು ಜಲ್ಲಿ, ಮರಳು ತುಂಬಿದ ತೊಟ್ಟಿಯಲ್ಲಿ ಕಾಬಾಳೆ, ಆಪುಹುಲ್ಲು ಬೆಳೆಸಿ ಸೋಸಿದರೆ ಬಾಳೆಗೆ, ಮರಗಳಿಗೆ ಸಲ್ಲುತ್ತದೆ. ಸೊಪ್ಪಿನ ಮಡಿಗೆ ಬೇಡ. ಅಡುಗೆಮನೆಯ ಸಿಂಕಿನ ನೀರಿನಲ್ಲಿ ಎಣ್ಣೆಜಿಡ್ಡು ಇರುವುದರಿಂದ ಅದನ್ನು ಇದಕ್ಕೆ ಸೇರಿಸಿದರೆ ತೊಟ್ಟಿ ಬೇಗ ಕಟ್ಟಿಕೊಂಡು ನಾರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಕುಂಡಗಳಿಗೆ ಚೆನ್ನ, ಅದರಲ್ಲಿ ಲವಣ ಇರುವುದಿಲ್ಲ. ಆರ್‌ಒ ಯಂತ್ರ ಹೊರಹಾಕುವ ನೀರು ಇದಕ್ಕೆ ವಿರುದ್ಧ: ಬೋರ್‌ವೆಲ್ ನೀರಿನ ಲವಣವೆಲ್ಲ ಅದರಲ್ಲೇ ಸೇರಿರುತ್ತದೆ. ಅದನ್ನೇ ದಿನಾ ಒಂದೇ ಕುಂಡಕ್ಕೆ ಸುರಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ, ಎಲೆಯ ಅಂಚು ಸುಟ್ಟಂತಾಗುತ್ತದೆ. ನೆಲ ಒರೆಸಲು ಅದು ಸಾಕು.

ಬೆಳಕಿನ ವಿಷಯದಲ್ಲಿ ಇಂಗ್ಲಿಷ್ ಪುಸ್ತಕಗಳು ನಮ್ಮ ವಿದ್ಯಾರ್ಥಿಗಳನ್ನು ಹೆಚ್ಚು ದಾರಿ ತಪ್ಪಿಸುತ್ತವೆ. ದಕ್ಷಿಣಕ್ಕೆ ಬಿಸಿಲು, ಉತ್ತರಕ್ಕೆ ಸದಾ ನೆರಳು ಎಂದು ಅವು ಹೇಳುವುದು ಲಂಡನ್, ನ್ಯೂಯಾರ್ಕ್‌ಗೆ ಸರಿ. ಕರ್ನಾಟಕ ಪೂರ್ತಿ ಕರ್ಕಾಟಕ ಸಂಕ್ರಾಂತಿ ವೃತ್ತದ ಕೆಳಗಿದೆ, ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ, ಶೂನ್ಯ ನೆರಳಿನ ದಿನ ಎಂದು ಮಕ್ಕಳಿಗೆ ಕಂಬ ನೆಟ್ಟು ತೋರಿಸುತ್ತಾರಲ್ಲ, ಅದೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಅಂದರೆ ಉತ್ತರದ ಬಾಲ್ಕನಿಗೆ ಮೇ ತಿಂಗಳಲ್ಲಿ ಬಿಸಿಲು ಬೀಳುತ್ತದೆ, ಡಿಸೆಂಬರಿನಲ್ಲಿ ಬೀಳುವುದೇ ಇಲ್ಲ. ನೆರಳಿನ ಗಿಡ ಅಂತ ಅಲ್ಲಿಟ್ಟ ಫರ್ನ್ ಮೇ ತಿಂಗಳಲ್ಲಿ ಸುಟ್ಟುಹೋಗುತ್ತದೆ, ಬಿಸಿಲಿನ ಗಿಡ ಅಂತ ಇಟ್ಟ ಗುಲಾಬಿ ಡಿಸೆಂಬರಿನಲ್ಲಿ ಹೂ ಬಿಡುವುದಿಲ್ಲ. ಇನ್ನು ಡಿಸೆಂಬರಿನ ನಡುಹಗಲ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ಕಿಟಕಿಗೆ ಎಷ್ಟು ಉದ್ದದ ಸಜ್ಜಾ ಬೇಕು, ಅದರಡಿ ಇಟ್ಟ ಕುಂಡಕ್ಕೆ ಬಿಸಿಲು ತಲುಪುತ್ತದೋ ಇಲ್ಲವೋ ಎನ್ನುವುದು ಈ ಒಂದು ಕೋನದಿಂದ ಗೊತ್ತಾಗುತ್ತದೆ.

ನಿಜವಾದ ತಲೆನೋವು ಪಶ್ಚಿಮದ ಗೋಡೆ. ಸಂಜೆಯ ಓರೆ ಬಿಸಿಲನ್ನು ಸಜ್ಜಾ ತಡೆಯಲಾರದು. ಒಳಗಿನಿಂದ ದಪ್ಪ ಪರದೆ ಹಾಕಿದರೆ ಬಿಸಿ ಗಾಜನ್ನು ದಾಟಿ ಒಳಗೆ ಬಂದ ಮೇಲೆ ತಡೆದಂತಾಯಿತು. ಹೊರಗೆ ಒಂದು ಹೊಂಗೆ ಇದ್ದರೆ ಬಿಸಿಲು ಗೋಡೆಯವರೆಗೆ ಬರುವುದೇ ಇಲ್ಲ. ಹೊಂಗೆ ಎಲೆ ಉದುರಿಸಿ ಯುಗಾದಿಯ ಆಸುಪಾಸಿಗೆ ಹೊಸ ಎಲೆ ತುಂಬಿಕೊಳ್ಳುತ್ತದೆ, ಸರಿಯಾಗಿ ನಮಗೆ ನೆರಳು ಬೇಕಾದಾಗ. ಪರದೆಯ ಬಟ್ಟೆಗೆ ಇಟ್ಟ ದುಡ್ಡಿನಲ್ಲಿ ಒಂದಂಶ ಸಸಿಗೆ, ಅದರ ಕಾವಲಿಗೆ ಹೋಗಬೇಕು ಎಂದು ಹೇಳಲು ಎರಡೂ ಗೊತ್ತಿರುವ ಡಿಸೈನರ್ ಬೇಕು. ಮರ ಬೆಳೆಯುವ ತನಕ ಏನು ಎಂದು ಮನೆಯವರು ಕೇಳೇ ಕೇಳುತ್ತಾರೆ. ಬಿದಿರಿನ ಕಡ್ಡಿಯ ಪರದೆ ಇಳಿಬಿಡಿ, ಆದರೆ ಕಿಟಕಿಯ ಹೊರಬದಿಗೆ.

ಮನೆಯೊಳಗಿನ ಬೆಳಕನ್ನು ಕಣ್ಣಿನಿಂದ ಅಳೆಯಲಾಗದು, ಕಣ್ಣು ಬಹಳ ಬೇಗ ಹೊಂದಿಕೊಳ್ಳುತ್ತದೆ. ಬೆಳಕಿನ ಅಳತೆ ಲಕ್ಸ್. ಹೊರಗಿನ ಉರಿಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುವ ಹೊತ್ತಿನಲ್ಲಿ ಕೋಣೆಯ ಒಳಮೂಲೆಯಲ್ಲಿ ನೂರು ಲಕ್ಸ್ ಇದ್ದರೆ ಹೆಚ್ಚು, ನಮಗೆ ಮಾತ್ರ ಎರಡೂ ಬೆಳಕೇ. ಫೋನಿನಲ್ಲಿರುವ ಲಕ್ಸ್ ಮೀಟರ್ ಆ್ಯಪ್ ಅಷ್ಟೇನೂ ನಿಖರವಲ್ಲದಿದ್ದರೂ ಈ ಅಂತರ ತೋರಿಸಲು ಸಾಕು. ಸೋಫಾ ಪಕ್ಕದ ಮೂಲೆಗೆ ಗಿಡ ಬೇಕು ಎಂದರೆ ಸ್ನೇಕ್ ಪ್ಲಾಂಟ್, ಜೀಜೀ (ZZ) ಪ್ಲಾಂಟ್ ತರಹದವು ಸಾಯದೆ ಇರುತ್ತವೆ. ಅವೂ ಅಲ್ಲಿ ಬೆಳೆಯುವುದಿಲ್ಲ, ಸಹಿಸಿಕೊಂಡಿರುತ್ತವೆ. ಗಿಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಎಂದು ಗಿರಾಕಿಗಳಿಗೆ ಹೇಳುವುದನ್ನಂತೂ ಬಿಟ್ಟುಬಿಡಿ. ಆ ಮಾತಿನ ಮೂಲ 1989ರ ನಾಸಾ ಪ್ರಯೋಗ, ಅದು ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದಾಗ, ಕಟ್ಟಡದ ಮಾಮೂಲು ಗಾಳಿಯಾಟಕ್ಕೆ ಸಮನಾಗಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಎಂದು ಬಂತು. ಪ್ಲೈವುಡ್ಡು, ಬಣ್ಣದ ವಾಸನೆ ಹೋಗಬೇಕಾದರೆ ಕಿಟಕಿ ತೆರೆಯಬೇಕು. ಗಿಡ ಚೆಂದಕ್ಕೆ ಇರಲಿ, ಅದೇನು ಕಡಿಮೆ ಕಾರಣವೇ?

ಮಣ್ಣಿನ ಬಗ್ಗೆ ಒಂದು ದೃಶ್ಯ ಹೇಳುತ್ತೇನೆ, ಹೊಸ ಬಡಾವಣೆಯ ಯಾವ ರಸ್ತೆಯಲ್ಲಾದರೂ ನೋಡಬಹುದು. ಕಾಂಪೌಂಡ್ ಗೋಡೆಯ ಉದ್ದಕ್ಕೂ ಕೇಪಳದ ಸಾಲು ನೆಟ್ಟಿರುತ್ತಾರೆ. ಆರು ತಿಂಗಳಲ್ಲಿ ಚಿಗುರೆಲೆಗಳು ಹಳದಿಯಾಗುತ್ತವೆ, ಅದರ ನರಗಳು ಮಾತ್ರ ಹಸಿರಾಗಿ, ಪೆನ್ನಿನಲ್ಲಿ ಗೆರೆ ಎಳೆದಷ್ಟು ಸ್ಪಷ್ಟವಾಗಿ ಉಳಿಯುತ್ತವೆ. ಮಾಲಿ ಗೊಬ್ಬರ ಹಾಕುತ್ತಾನೆ, ಏನೂ ಆಗುವುದಿಲ್ಲ. ಆ ಗಿಡದ ಬುಡ ಒಂದಡಿ ಅಗೆದರೆ ಸಿಮೆಂಟ್ ಉಂಡೆ, ಟೈಲ್ಸ್ ಚೂರು, ಪ್ಲಾಸ್ಟರಿನ ಪುಡಿ ಸಿಗುತ್ತದೆ. ಸಿಮೆಂಟಿನಲ್ಲಿರುವ ಸುಣ್ಣದ ಅಂಶ ಮಣ್ಣನ್ನು ಕ್ಷಾರ ಮಾಡುತ್ತದೆ, ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಕೇಪಳ ಹುಳಿ ಮಣ್ಣಿನ ಗಿಡವಾದ್ದರಿಂದ ಮೊದಲು ಬಾಡುವುದು ಅದೇ. ಒಳಗಿನ ಟೈಲ್ಸ್ ಕತ್ತರಿಸಿದ ಚೂರನ್ನು, ಬಣ್ಣದ ಡಬ್ಬ ತೊಳೆದ ನೀರನ್ನು ಎಲ್ಲಿ ಹಾಕಬೇಕು ಎಂದು ಇಂಟೀರಿಯರ್ ಕೆಲಸ ನಡೆಯುವಾಗಲೇ ಜಾಗ ಗುರುತು ಮಾಡಿಕೊಟ್ಟಿದ್ದರೆ ಇದಿಷ್ಟೂ ತಪ್ಪುತ್ತಿತ್ತು. ಪಾಯ ಅಗೆಯುವಾಗ ಬಂದ ಮೇಲ್ಪದರದ ಕೆಂಪುಮಣ್ಣನ್ನು ಒಂದು ಮೂಲೆಯಲ್ಲಿ ಮುಚ್ಚಿ ಉಳಿಸಿಕೊಂಡರೆ ಆಮೇಲೆ ಲೋಡುಗಟ್ಟಲೆ ಮಣ್ಣು ತರಿಸುವುದೂ ತಪ್ಪುತ್ತದೆ.

ತಾರಸಿ ತೋಟಕ್ಕೆ ಬಂದರೆ ಪ್ರಶ್ನೆ ಭಾರದ್ದು. ಐಎಸ್ 875 ಎಂಬ ಭಾರತೀಯ ಮಾನಕದ ಪ್ರಕಾರ ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ಅದರ ಮೇಲೆ ಒಂದಡಿ ಮಣ್ಣು ಹಾಸಿ ಮಳೆಯಲ್ಲಿ ನೆನೆದರೆ ಚದರ ಮೀಟರಿಗೆ 500 ಕೆಜಿ ದಾಟುತ್ತದೆ. 18 ಇಂಚು ಅಗಲ, ಅಷ್ಟೇ ಎತ್ತರದ ಒಂದು ಕುಂಡದಲ್ಲಿ 75 ಲೀಟರಿನಷ್ಟು ಮಣ್ಣು ಹಿಡಿಯುತ್ತದೆ, ಒದ್ದೆಯಾದಾಗ ಅದರ ತೂಕ 130 ಕೆಜಿ ಹತ್ತಿರ. ಎರಡು ಆಳು ತೂಕದ ಕುಂಡಗಳನ್ನು ಸ್ಲ್ಯಾಬಿನ ನಟ್ಟನಡುವೆ ಸಾಲಾಗಿ ಇಡುವುದನ್ನು ನಾವು ತಾರಸಿ ತೋಟ ಎಂದು ಕರೆಯುತ್ತಿದ್ದೇವೆ! ಭಾರದ ಕುಂಡಗಳು ಬೀಮು, ಪಿಲ್ಲರ್‌ಗಳ ಮೇಲಕ್ಕೆ ಬರಬೇಕು, ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಮತ್ತು ಕಾಂಪೋಸ್ಟ್ ಹೆಚ್ಚಿರುವ ಹಗುರ ಮಿಶ್ರಣ ಬೇಕು, ಮಣ್ಣು ಹಾಸುವುದೇ ಆದರೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಮುಟ್ಟಬಾರದು. ಕೆಳಗಿನ ಮಲಗುವ ಕೋಣೆಯ ಜಿಪ್ಸಮ್ ಫಾಲ್ಸ್ ಸೀಲಿಂಗ್ ಮಾಡಿಸಿದವರಿಗೆ ಮೇಲಿನ ವಾಟರ್‌ಪ್ರೂಫಿಂಗ್ ಬಗ್ಗೆ ಕಾಳಜಿ ಇರಲೇಬೇಕಲ್ಲ. ಕುಂಡದಡಿಯ ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು, ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಅದಕ್ಕಿಂತ ಸ್ವಲ್ಪವೇ ಹೆಚ್ಚು ಸಮಯ ಬೇಕು.

ಒಳಾಂಗಣದಿಂದ ಬಂದವರಿಗೆ ಕಲಿಯಲು ಅತ್ಯಂತ ಕಷ್ಟವಾಗುವುದು ಕಾಲ. ಒಂದು ವಾರ್ಡ್‌ರೋಬ್ ಕೀ ಕೊಡುವ ದಿನ ಹೇಗಿರುತ್ತದೋ ಅದೇ ಅದರ ಒಳ್ಳೆಯ ದಿನ. ತೋಟ ಆ ದಿನ ಬೋಳು ಬೋಳಾಗಿರುತ್ತದೆ, ಇರಬೇಕು. ಫೋಟೋ ಚೆನ್ನಾಗಿ ಬರಲಿ ಎಂದು ಐದಡಿ ಹರಡುವ ಪೊದೆಯನ್ನು ಒಂದೂವರೆ ಅಡಿಗೊಂದರಂತೆ ತುರುಕಿದರೆ ಎರಡನೇ ವರ್ಷ ಅವು ಒಂದನ್ನೊಂದು ನುಂಗುತ್ತವೆ, ಗಾಳಿಯಾಡದೆ ಹಿಟ್ಟು ತಿಗಣೆ ಹತ್ತುತ್ತದೆ, ಆಮೇಲೆ ಔಷಧಿ ಹೊಡೆಯುವುದು ಶುರು. ಗಿಡದ ನಕ್ಷೆಯಲ್ಲಿ ಪ್ರತಿ ವೃತ್ತವನ್ನೂ ಅದು ಐದು ವರ್ಷದಲ್ಲಿ ಮುಟ್ಟುವ ಅಗಲಕ್ಕೆ ಬರೆಯುವುದು ಅಭ್ಯಾಸವಾಗಬೇಕು. ನಡುವಿನ ಖಾಲಿ ಜಾಗಕ್ಕೆ ಅಲಸಂದೆ, ಚೆಂಡುಹೂ ಹಾಕಿಕೊಂಡರಾಯಿತು.

ಇದರ ದೊಡ್ಡ ಪಾಠ ಬೆಂಗಳೂರಿನ ರಸ್ತೆಗಳಲ್ಲೇ ಇದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಶುರುವಾಗುವಂತೆ ಸಾಲುಮರಗಳನ್ನು ಯೋಜಿಸಿದರು. ಟಬೂಬಿಯಾ, ಜಕರಂದಾ, ಆಮೇಲೆ ಗುಲ್‌ಮೊಹರ್. ತಾವು ನೋಡಲಾರದಷ್ಟು ದೂರದ ವರ್ಷಗಳಿಗೆ ಬಣ್ಣ ಆರಿಸಿದ ಕೆಲಸ ಅದು. ಆ ಮರಗಳಲ್ಲಿ ಹೆಚ್ಚಿನವು ಹೊರದೇಶದವು ಎಂದು ಈಗ ಆಕ್ಷೇಪವಿದೆ. ನನ್ನ ಅಭಿಪ್ರಾಯ ಇಷ್ಟು: ದೇಸಿ ಗಿಡ ಮೊದಲ ಆಯ್ಕೆಯಾಗಲಿ, ಪಾರಿಜಾತ, ನಂದಿಬಟ್ಟಲು, ಸಂಪಿಗೆ, ಹೊಳೆದಾಸವಾಳ, ಲಾವಂಚ ಇರುವಾಗ ನಮಗೇನು ಕೊರತೆ. ಆದರೆ ಹೊರಗಿನದೆಲ್ಲ ಪಾಪ ಎನ್ನುವುದೂ ಬೇಡ. ಕೇಳಬೇಕಾದದ್ದು ಆ ಗಿಡ ಬೇಲಿ ದಾಟಿ ಕಾಡಿಗೆ ನುಗ್ಗುತ್ತದೆಯೇ ಎಂದು. ಅಲಂಕಾರಕ್ಕೆಂದು ತಂದ ಲಂಟಾನ ನಮ್ಮ ಕಾಡುಗಳಿಗೆ ಏನು ಮಾಡಿದೆ ಎಂದು ಬಂಡೀಪುರದ ರಸ್ತೆಯಲ್ಲಿ ಹೋದವರೆಲ್ಲ ನೋಡಿದ್ದಾರೆ. ಬೇಗ ಹಸಿರಾಗುತ್ತದೆ ಎಂದು ಲೇಔಟ್‌ಗಳಲ್ಲಿ ನೆಡುವ ಕೊನೊಕಾರ್ಪಸ್ ಎಂಬ ಹೊರದೇಶದ ಮರವನ್ನು ಗುಜರಾತ್ 2023ರಲ್ಲಿ ನಿಷೇಧಿಸಿತು.

ಕಲಿಯುವುದು ಎಲ್ಲಿ? ಆರ್ಕಿಟೆಕ್ಟ್ ಎಂಬ ಹೆಸರಿಗೆ 1972ರ ಕಾಯಿದೆಯ ರಕ್ಷಣೆ ಇದೆ, ಇಂಟೀರಿಯರ್ ಡಿಸೈನರ್ ಅಥವಾ ಗಾರ್ಡನ್ ಡಿಸೈನರ್ ಎಂದು ಬೋರ್ಡು ಹಾಕಿಕೊಳ್ಳಲು ಯಾವ ನೋಂದಣಿಯೂ ಬೇಕಿಲ್ಲ. ಹಾಗಾಗಿ ಸರ್ಟಿಫಿಕೇಟಿಗಿಂತ ಪಠ್ಯಕ್ರಮ ನೋಡಿ. ಅದರಲ್ಲಿ ಮಣ್ಣು, ನೀರಿನ ಇಳಿಜಾರು, ಗಿಡಗಳ ಗುರುತು ಇಲ್ಲದೆ ಬರೀ ಸಾಫ್ಟ್‌ವೇರ್ ಇದ್ದರೆ ಅದು ಚಿತ್ರ ಬರೆಯುವ ಕೋರ್ಸ್. ಸಸ್ಯದ ಕಡೆಯಿಂದ ಬರುವವರಿಗೆ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಪುಷ್ಪಕೃಷಿ ಮತ್ತು ಉದ್ಯಾನ ವಿನ್ಯಾಸದ ವಿಭಾಗವಿದೆ. ಒಳಾಂಗಣ ಓದುತ್ತಿರುವವರು ಬಿಡುವಿನಲ್ಲಿ ಬೆಂಗಳೂರಿನ ಜಯನಗರದ ಮಳೆನೀರು ಕೊಯ್ಲು ಉದ್ಯಾನಕ್ಕೆ ಹೋಗಿ ಸೋಸುವ ಘಟಕಗಳನ್ನು ಕಣ್ಣಾರೆ ನೋಡಬಹುದು. 2009ರಿಂದ ನಗರದಲ್ಲಿ 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ, ಅದರ ಪೈಪುಗಳು ಬರುವುದು ನೀವು ಬರೆಯುವ ಅಂಗಳದಲ್ಲೇ. ಒಳ್ಳೆಯ ನರ್ಸರಿಯಲ್ಲಿ ಒಂದು ಮಳೆಗಾಲ ಕೆಲಸ ಮಾಡಿದರೆ ಪುಸ್ತಕದಲ್ಲಿ ಸಿಗದ್ದು ಸಿಗುತ್ತದೆ: ಯಾವ ಗಿಡ ಕವರಿನಲ್ಲಿ ಬೇರು ಸುತ್ತಿಕೊಂಡು ಹಾಳಾಗಿದೆ, ಯಾವುದು ಬಿಸಿಲಿಗೆ ಪಳಗಿದೆ, ಯಾವುದನ್ನು ನೆರಳುಬಲೆಯಿಂದ ನಿನ್ನೆ ತಾನೇ ಹೊರಗಿಟ್ಟಿದ್ದಾರೆ ಎನ್ನುವುದು ಅಲ್ಲಿನ ಆಳುಗಳಿಗೆ ನೋಡಿದ ಕೂಡಲೇ ಗೊತ್ತು.

ಮೊದಲ ಅಭ್ಯಾಸಕ್ಕೆ ದೊಡ್ಡ ಜಾಗ ಬೇಡ. ನಿಮ್ಮ ಮನೆಯದೇ ನೆಲ ಅಂತಸ್ತಿನ ನಕ್ಷೆಯನ್ನು ಕಾಂಪೌಂಡಿನವರೆಗೆ ಬರೆಯಿರಿ, ಗೋಡೆಯ ಗೆರೆಗೆ ನಿಲ್ಲಿಸಬೇಡಿ. ಪ್ರತಿ ಬಾಗಿಲಿನ ಹೊರಗೆ ನೆಲ ಎಷ್ಟು ಇಂಚು ಕೆಳಗಿದೆ, ಮಳೆನೀರು ಯಾವ ಕಡೆಗೆ ಓಡುತ್ತದೆ, ಬೆಳಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ನೆರಳು ಎಲ್ಲಿ ಎಂದು ಗುರುತು ಹಾಕಿ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ ಎಷ್ಟು ಹೊತ್ತಿಗೆ ಇಂಗುತ್ತದೆ ನೋಡಿ, ಮರುದಿನವೂ ನಿಂತಿದ್ದರೆ ಅಲ್ಲಿ ಮಲ್ಲಿಗೆ ಬದುಕುವುದಿಲ್ಲ. ಒಳಗಿನ ಸಾದರಹಳ್ಳಿ ಗ್ರಾನೈಟ್ ಕಲ್ಲನ್ನೇ ಹೊರಗೂ ಮುಂದುವರಿಸುವ ಆಸೆಯಿದ್ದರೆ ಹೊರಗೆ ಪಾಲಿಶ್ ಮಾಡದ, ಒರಟು ಮೈಯ ಚಪ್ಪಡಿ ಬರೆಯಿರಿ, ನಡುವೆ ಸಿಮೆಂಟ್ ತುಂಬದೆ ಸಂದು ಬಿಡಿ, ಮಳೆನೀರು ಅಲ್ಲೇ ಇಳಿಯುತ್ತದೆ.

ಸಂಪಾದನೆಯ ದೃಷ್ಟಿಯಿಂದ ಒಂದು ಮಾತು. ಇಂಟೀರಿಯರ್ ಒಪ್ಪಂದ ಕೀ ಕೊಟ್ಟ ದಿನ ಮುಗಿಯುತ್ತದೆ, ತೋಟದ್ದನ್ನು ಹಾಗೆ ಬರೆದುಕೊಳ್ಳಬೇಡಿ. ಮೊದಲ ಮಳೆಯ ವಾರ ಒಂದು ಭೇಟಿ, ದೀಪಾವಳಿ ಆದಮೇಲೆ ಸವರಲು ಒಂದು, ಮುಂದಿನ ಏಪ್ರಿಲ್‌ನಲ್ಲಿ ಒಂದು, ಹೀಗೆ ಕನಿಷ್ಠ ಒಂದು ವರ್ಷದ ಭೇಟಿಗಳನ್ನು ಫೀಸಿನ ಜೊತೆಗೇ ನಮೂದಿಸಿ. ಮನೆಯಲ್ಲಿ ನೀರು ಹಾಕುವವರು ಯಾರು ಎಂದೂ ಆ ಕಾಗದದಲ್ಲಿ ಇರಲಿ. ಉತ್ತರ ‘ಕೆಲಸದವರು’ ಎಂದಿದ್ದರೆ ಗಿಡಗಳ ಪಟ್ಟಿಯನ್ನು ಅರ್ಧಕ್ಕಿಳಿಸಿ.